ಕೆರೆಯ ಮೀನು, ಊರಿನ ತಟ್ಟೆ

ವರ್ಷಕ್ಕೆ ಏಳೆಂಟು ತಿಂಗಳು ನೀರು ನಿಲ್ಲುವ ಕೆರೆ, ಹೊಲದ ಮೂಲೆಯಲ್ಲಿ ತೋಡಿದ ಕೃಷಿ ಹೊಂಡ, ಹಳ್ಳಕ್ಕೆ ಅಡ್ಡ ಹಾಕಿದ ಸಣ್ಣ ಕಟ್ಟೆ: ಸಿಹಿನೀರಿನ ಮೀನು ಸಾಕಣೆಗೆ ಇವುಗಳಲ್ಲಿ ಒಂದಿದ್ದರೆ ಸಾಕು. ಬೀದರ್ ಜಿಲ್ಲೆಯ ಹುಮನಾಬಾದ್–ಬಸವಕಲ್ಯಾಣ ಸೀಮೆಯಲ್ಲಿ, ಘಾಟಬೋರಾಳ ಮತ್ತು ಅದರ ನೆರೆಯ ಊರುಗಳ ಪಾಲಿಗೆ ಇರುವುದೂ ಇಂಥ ನೀರೇ. ಈ ಸೀಮೆ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಇಲ್ಲಿ ಬಿದ್ದ ಮಳೆ ಎರಡು ದಿಕ್ಕಿಗೆ ಒಡೆದು ಹರಿಯುತ್ತದೆ. ಕಾರಂಜಾ ಮತ್ತು ಚುಳಕಿ ನಾಲಾದ ನೀರು ಮಾಂಜ್ರಾ ನದಿ ಸೇರಿ ಗೋದಾವರಿಯ ಕಡೆಗೆ ಹೋಗುತ್ತದೆ. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹುಟ್ಟುವ ಮುಲ್ಲಾಮಾರಿ ಚಿಂಚೋಳಿ ಹಾದು ಭೀಮೆಯ ಮೂಲಕ ಕೃಷ್ಣೆಯ ಪಾಲಾಗುತ್ತದೆ. ಹೊಳೆಗಳು ಹುಟ್ಟುವ ನೆಲ ಇದು, ಅವು ತುಂಬಿ ಹರಿಯುವುದು ಮುಂದಿನ ಊರುಗಳಲ್ಲಿ. ವರ್ಷದ 850–900 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಗ ಹಿಡಿದಿಟ್ಟಷ್ಟೇ ನೀರು. ಹಿಡಿದಿಡಲು ಭಾಲ್ಕಿ ತಾಲ್ಲೂಕಿನಲ್ಲಿ 7.69 ಟಿಎಂಸಿ ಅಡಿಯ ಕಾರಂಜಾ ಜಲಾಶಯವಿದೆ, ಬಸವಕಲ್ಯಾಣ ತಾಲ್ಲೂಕಿನಲ್ಲಿ ಚುಳಕಿ ನಾಲಾ ಮತ್ತು ಮೇಲ್ದಂಡೆ ಮುಲ್ಲಾಮಾರಿ ಜಲಾಶಯಗಳಿವೆ, ಉಳಿದಂತೆ ಅಲ್ಲಲ್ಲಿ ಸಣ್ಣ ನೀರಾವರಿ ಕೆರೆಗಳು, ಜಿನುಗು ಕೆರೆಗಳು, ಹೊಂಡಗಳು.

ಈ ನೀರಿನಿಂದ ತೊಗರಿಗೊಂದು, ಕಡಲೆಗೊಂದು ತೇವ ಸಿಕ್ಕೀತು. ಅದೇ ನೀರು ಹೊಲಕ್ಕೆ ಹರಿಯುವ ಮುನ್ನ ಇನ್ನೊಂದು ಬೆಳೆಯನ್ನೂ ಕೊಡಬಲ್ಲದು. ಮೀನು ನೀರನ್ನು ಕುಡಿದು ಖಾಲಿ ಮಾಡುವುದಿಲ್ಲ. ಅದು ಬೆಳೆದ ನೀರಿನಲ್ಲಿ ಗೊಬ್ಬರದ ಅಂಶ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬೀದರ್ ಬೇಳೆಕಾಳುಗಳ ಜಿಲ್ಲೆ. ಉದ್ದು, ಹೆಸರು, ತೊಗರಿ, ಕಡಲೆ ಇಲ್ಲಿನ ಮುಖ್ಯ ಬೆಳೆಗಳು. ಈಚಿನ ದಶಕಗಳಲ್ಲಿ ಸೋಯಾ ಅವರೆ ಮತ್ತು ಕಬ್ಬು ಬಹಳಷ್ಟು ಭೂಮಿಯನ್ನು ಹಿಡಿದಿವೆ. ಊಟದಲ್ಲಿ ಜೋಳದ ರೊಟ್ಟಿ, ಬೇಳೆ, ಪಲ್ಯ. ಈ ಊಟವನ್ನು ಬಡ ಊಟ ಎನ್ನಲಾಗದು. ಜೋಳದ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸೀನ್ ಎಂಬ ಅಮೈನೋ ಆಮ್ಲವನ್ನು ಬೇಳೆ ತುಂಬಿಕೊಡುತ್ತದೆ, ಹಿರಿಯರ ಜೋಡಣೆಯಲ್ಲಿ ವಿವೇಕವಿದೆ. ಆದರೆ ಬೇಳೆ ಬೆಳೆದವರ ಮನೆಯಲ್ಲೂ ಅದು ಮಾರಾಟಕ್ಕೆ ಹೋಗುವ ಮಾಲು. ರೊಟ್ಟಿಯ ಪಕ್ಕದ ಬೇಳೆ ತೆಳುವಾದಾಗ ಮೊದಲು ಸೊರಗುವವರು ಮಕ್ಕಳು ಮತ್ತು ಬಸುರಿ, ಬಾಣಂತಿಯರು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. 15ರಿಂದ 49 ವರ್ಷದ ಮಹಿಳೆಯರಲ್ಲೂ ಹತ್ತಿರಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರು.

ಹೊಟ್ಟೆ ತುಂಬಿದ್ದೂ ಮೈ ಸೊರಗುವ ಈ ಸ್ಥಿತಿಗೆ ಕಾರಣ ಬರೀ ಕಾಳಿನ ಕೊರತೆಯಲ್ಲ. ಕಬ್ಬಿಣ, ಸತು, ಸುಣ್ಣದ ಅಂಶ, ಎ ಜೀವಸತ್ವ, ಬಿ12 ಜೀವಸತ್ವ ಇವು ಸಾಕಷ್ಟು ಸಿಗುತ್ತಿಲ್ಲ. ನೂರು ಗ್ರಾಂ ರೋಹು ಮೀನಿನಲ್ಲಿ 16–17 ಗ್ರಾಂ ಪ್ರೋಟೀನ್ ಇದೆ. ಐದು ವರ್ಷದ ಮಗುವಿಗೆ ಒಂದು ದಿನಕ್ಕೆ ಬೇಕಾಗುವ ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ. ಬಿ12 ಸಸ್ಯಾಹಾರದ ಕಾಳು, ಸೊಪ್ಪುಗಳಲ್ಲಿ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. ಮೀನಿಗೆ ಇನ್ನೊಂದು ಗುಣವಿದೆ. ಜೋಳ ಮತ್ತು ಬೇಳೆಯಲ್ಲಿರುವ ಕಬ್ಬಿಣವನ್ನು ಅವುಗಳಲ್ಲೇ ಇರುವ ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಮೈಗೆ ಹತ್ತುವುದು ಸ್ವಲ್ಪವೇ. ಅದೇ ಊಟದಲ್ಲಿ ಒಂದಿಷ್ಟು ಮೀನಿದ್ದರೆ ರೊಟ್ಟಿಯ ಕಬ್ಬಿಣವೂ ಹೆಚ್ಚಾಗಿ ರಕ್ತ ಸೇರುತ್ತದೆ. ಮೀನಿನ ಎರಡು ತುಂಡು ತನ್ನ ಸತ್ವವನ್ನು ಕೊಡುವುದರ ಜೊತೆಗೆ ತಟ್ಟೆಯಲ್ಲಿರುವ ಜೋಳದ ಬೆಲೆಯನ್ನೂ ಹೆಚ್ಚಿಸುತ್ತದೆ.

ಮೀನು ತಿನ್ನದ ಮನೆಗಳು ಈ ಸೀಮೆಯಲ್ಲಿ ಬಹಳ. ಅವರಿಗೆ ಹಾಲು, ಮೊಸರು, ಬೇಳೆಯ ದಾರಿಯೇ ದಾರಿ, ಅದನ್ನು ಬಲಪಡಿಸುವುದೂ ಅಷ್ಟೇ ಮುಖ್ಯ. ಆದರೆ ತಿನ್ನುವ ಮನೆಗಳೂ ಪ್ರತಿ ಊರಿನಲ್ಲಿವೆ, ಅವುಗಳಲ್ಲಿ ಹೆಚ್ಚಿನವು ಭೂಮಿ ಕಡಿಮೆಯಿರುವ, ಕೂಲಿಯನ್ನು ನಂಬಿದ ಮನೆಗಳು. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ಯೋಜನೆಯನ್ನು ಸರ್ಕಾರ 2021ರ ಡಿಸೆಂಬರಿನಲ್ಲಿ ಆರಂಭಿಸಿದಾಗ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಬೀದರ್ ಕೂಡ ಇತ್ತು, ಬೇಡದವರಿಗೆ ಬಾಳೆಹಣ್ಣು. ಒಂದೇ ಊರಿನಲ್ಲಿ ಎರಡೂ ಬಗೆಯ ತಟ್ಟೆಗಳಿಗೆ ಜಾಗವಿದೆ ಎಂಬುದನ್ನು ಆ ಏರ್ಪಾಡು ತೋರಿಸಿತು.

ಈ ನೆಲಕ್ಕೆ ಮೀನಿನ ತಿಳಿವಳಿಕೆ ಹೊಸದಲ್ಲ. ಇಂದಿನ ಬಸವಕಲ್ಯಾಣವಾದ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡಿದ್ದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಕೋಶದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಅವು ನದಿಯವೋ ಕಡಲಿನವೋ, ಹುರುಪೆಯಿರುವವೋ ಇಲ್ಲದವೋ, ಯಾವುದಕ್ಕೆ ಯಾವ ತಿನಿಸು ಹಿಡಿಸುತ್ತದೆ ಎಂಬ ವಿವರ ಅಲ್ಲಿದೆ. ಅದು ಅರಸನ ವಿನೋದಕ್ಕೆ ಬರೆದದ್ದು ನಿಜ. ಆದರೆ ಅಷ್ಟು ವಿವರ ನೀರಿಗಿಳಿದವರಿಂದಲೇ ಬಂದಿರಬೇಕು. ಅದೇ ಶತಮಾನದ ಕಲ್ಯಾಣದ ಶರಣರಲ್ಲಿ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನೂ ಒಬ್ಬ. ಕಲ್ಯಾಣ ಕರ್ನಾಟಕದ ಕಬ್ಬಲಿಗ, ಕೋಲಿ, ಅಂಬಿಗ ಸಮುದಾಯಗಳು ಇಂದಿಗೂ ಅವನನ್ನು ತಮ್ಮ ಗುರುವೆಂದು ನೆನೆಯುತ್ತವೆ. ಬಲೆ ಹೆಣೆಯುವುದು, ನೀರಿನ ಬಣ್ಣ ನೋಡಿ ಮೀನಿನ ಸ್ಥಿತಿ ಹೇಳುವುದು, ಇವೆಲ್ಲ ಆ ಮನೆಗಳಲ್ಲಿ ಉಳಿದುಬಂದ ವಿದ್ಯೆ.

ಆದರೆ ಹಿಡಿಯುವುದು ಬೇರೆ, ಬೆಳೆಸುವುದು ಬೇರೆ. ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಮೀನುಗಳು ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆದರೂ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನ ಪ್ರವಾಹದಲ್ಲಿ, ಹರಿಯುವ ನದಿಯ ಅಂಚಿನಲ್ಲಿ ಮಾತ್ರ ಅವು ಸಂತಾನ ಮಾಡುತ್ತವೆ. ಹಾಗಾಗಿ ಬಹುಕಾಲ ಮೀನು ಮರಿಗಳನ್ನು ದೊಡ್ಡ ನದಿಗಳಿಂದ ಸೋಸಿ ತರಬೇಕಿತ್ತು. ಒಳ್ಳೆಯ ಮರಿಯ ಜೊತೆ ಬೇಡದ ಮರಿಯೂ ಬರುತ್ತಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಮೀನಿನ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯ ರಸವನ್ನು ತಾಯಿ ಮೀನಿಗೆ ಚುಚ್ಚಿ, ಸಾಕುವವರು ಬಯಸಿದ ಕಡೆ ಗೆಂಡೆ ಮೀನು ಮೊಟ್ಟೆ ಇಡುವಂತೆ ಮಾಡಿದರು. ಜುಲೈ 10 ಈಗ ದೇಶದಲ್ಲಿ ಮೀನು ಕೃಷಿಕರ ದಿನ. ಒಂದು ಕಿಲೋ ತೂಕದ ತಾಯಿ ರೋಹು ಎರಡು ಲಕ್ಷದಷ್ಟು ಮೊಟ್ಟೆ ಇಡುತ್ತದೆ. ಹದಿನೈದು ಹದಿನೆಂಟು ಗಂಟೆಯಲ್ಲಿ ಮೊಟ್ಟೆ ಒಡೆಯುತ್ತದೆ, ಮೂರು ದಿನ ಮರಿ ಹೊಟ್ಟೆಯ ಕೆಳಗಿನ ಹಳದಿ ಚೀಲದ ಮೇಲೆ ಬದುಕುತ್ತದೆ. ಎರಡು ಮೂರು ವಾರಕ್ಕೆ ಅದು ಒಂದು ಇಂಚಾಗುತ್ತದೆ, ಎರಡು ಮೂರು ತಿಂಗಳಿಗೆ ಬೆರಳುದ್ದ. ಊರಿನ ಕೆರೆಗೆ ಬೇಕಾದದ್ದು ಈ ಬೆರಳುದ್ದದ ಮರಿ.

ಮೂರೂ ಗೆಂಡೆಗಳನ್ನು ಒಟ್ಟಿಗೆ ಬಿಡುವುದಕ್ಕೆ ಕಾರಣವಿದೆ. ಕಾಟ್ಲಾ ಮೇಲ್ಮೈಯ ಸೂಕ್ಷ್ಮಜೀವಿಗಳನ್ನು ತಿನ್ನುತ್ತದೆ, ರೋಹು ನಡು ನೀರಿನಲ್ಲಿ ಮೇಯುತ್ತದೆ, ಮೃಗಾಲ್ ತಳದ ಕೊಳೆತ ಪದಾರ್ಥವನ್ನು ಕೆದಕುತ್ತದೆ. ಒಂದೇ ಹೊಲದಲ್ಲಿ ತೊಗರಿಯ ಸಾಲಿನ ನಡುವೆ ಹೆಸರು ಹಾಕಿದ ಹಾಗೆ. ಜಲಕಳೆ ಹೆಚ್ಚಿರುವ ಕಡೆ ಹುಲ್ಲುಗೆಂಡೆಯನ್ನೂ ಸೇರಿಸುವುದುಂಟು. ನೀರಿನಲ್ಲಿ ಮೇವು ಹುಟ್ಟಿಸುವ ಕೆಲಸ ಸಗಣಿ ಗೊಬ್ಬರದ್ದು. ಸಗಣಿ ಕರಗಿ ಹಸಿರು ಪಾಚಿಯ ಕಣ, ಪಾಚಿಯನ್ನು ತಿಂದು ಬೆಳೆಯುವ ಸೂಕ್ಷ್ಮ ಪ್ರಾಣಿ, ಅದನ್ನು ತಿನ್ನುವ ಮೀನು, ಹೀಗೆ ಸರಪಳಿ ಸಾಗುತ್ತದೆ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ನೀರು ಹದವಾಗಿದೆ ಎಂದು ಲೆಕ್ಕ. ಇದರ ಮೇಲೆ ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಮೂರು ಪಾಲಿನಷ್ಟು ದಿನಾ ಕೊಟ್ಟರೆ ಬೆಳವಣಿಗೆ ಚುರುಕಾಗುತ್ತದೆ. ಮೀನಿಗೆ ಮೈ ಬಿಸಿ ಕಾಪಾಡಿಕೊಳ್ಳುವ ಖರ್ಚಿಲ್ಲ, ನೀರು ಅದರ ಭಾರವನ್ನು ಹೊರುತ್ತದೆ. ಹಾಗಾಗಿ ತಿಂದ ಮೇವಿನಲ್ಲಿ ಹೆಚ್ಚಿನ ಪಾಲು ಮಾಂಸವಾಗುತ್ತದೆ.

ಘಾಟಬೋರಾಳದಂಥ ಮಳೆಯಾಶ್ರಿತ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಕಾಲದ್ದು. ಕೆರೆಗೆ ನೀರು ಬರುವುದು ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ. ಏಪ್ರಿಲ್ ಹೊತ್ತಿಗೆ ನೀರು ತಳ ಸೇರುತ್ತದೆ. ಮಧ್ಯೆ ಡಿಸೆಂಬರ್, ಜನವರಿಯ ಚಳಿಯಲ್ಲಿ ಮೀನು ಸರಿಯಾಗಿ ಮೇಯುವುದಿಲ್ಲ. ಉಳಿದ ಐದಾರು ತಿಂಗಳಲ್ಲೇ ಅದು ಮಾರುವ ತೂಕಕ್ಕೆ ಬರಬೇಕು. ಅಂಥ ಕಡೆ ಒಂದಿಂಚಿನ ಮರಿ ಬಿಟ್ಟರೆ ಅರ್ಧ ಪಾಲು ಕೊರವೆ, ಬಾಳೆ ಮೀನಿನಂಥ ಬೇಟೆ ಮೀನುಗಳ ಬಾಯಿಗೆ ಹೋಗುತ್ತದೆ, ಮಿಕ್ಕವು ಬೆಳೆಯುವಷ್ಟರಲ್ಲಿ ನೀರು ಮುಗಿದಿರುತ್ತದೆ. ಇದಕ್ಕೆ ಮೀನು ಸಾಕಣೆಯವರು ಕಂಡುಕೊಂಡ ಉಪಾಯ ಹಿಂದಿನ ವರ್ಷದ ಮರಿ. ಮುಂಗಾರಿನಲ್ಲಿ ಹುಟ್ಟಿದ ಮರಿಗಳನ್ನು ಸಣ್ಣ ಕೊಳದಲ್ಲಿ ಒತ್ತಾಗಿ, ಅರೆಹೊಟ್ಟೆಯಲ್ಲಿ ವರ್ಷವಿಡೀ ಇಟ್ಟಿರುತ್ತಾರೆ. ಅವು ಕುಳ್ಳಾಗಿ ಉಳಿಯುತ್ತವೆ. ಮರುವರ್ಷ ವಿಶಾಲವಾದ ಕೆರೆಗೆ ಬಿಟ್ಟೊಡನೆ ತಪ್ಪಿದ್ದನ್ನೆಲ್ಲ ತುಂಬಿಕೊಳ್ಳುವಂತೆ ಬಿರುಸಾಗಿ ಬೆಳೆಯುತ್ತವೆ. ಬೀದರ್ ಜಿಲ್ಲೆಯ ಒಣಕೆರೆಗಳಿಗೆ ಯಾವ ದುಬಾರಿ ಯಂತ್ರಕ್ಕಿಂತ ಈ ಒಂದು ಪದ್ಧತಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲೂ ನೀರಿರುವ ಒಂದು ಬಾವಿ ಅಥವಾ ಕೊಳವೆಬಾವಿಯ ಪಕ್ಕದ ಸಣ್ಣ ಹೊಂಡದಲ್ಲಿ ಮರಿ ಕಾಪಾಡಿ ಸುತ್ತಿನ ಹತ್ತು ಊರಿಗೆ ಕೊಡುವುದು ಒಂದು ಕುಟುಂಬದ ಪೂರ್ಣ ಉದ್ಯೋಗವಾಗಬಲ್ಲದು.

ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆಯಿಂದ ಒಣಬೇಸಾಯದ ಹೊಲಗಳಲ್ಲಿ ಪಾಲಿಥೀನ್ ಹೊದಿಕೆಯ ಹೊಂಡಗಳು ಬಂದವು. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಒಂದು ಹೊಂಡದ ಲೆಕ್ಕ ಹಾಕಬಹುದು. ಅದರ ಮೇಲ್ಮೈ ನಾಲ್ಕು ಗುಂಟೆಗಿಂತ ತುಸು ಹೆಚ್ಚು. ನಾನೂರು ಮರಿ ಬಿಟ್ಟು, ಎಂಟು ತಿಂಗಳು ನೀರು ನಿಂತು, ಮೇವು ತಪ್ಪದೆ ಹಾಕಿ, ನೂರಕ್ಕೆ ಎಪ್ಪತ್ತು ಉಳಿದು, ಒಂದೊಂದು ಅರ್ಧ ಕಿಲೋ ತೂಗಿದರೆ 140 ಕಿಲೋ ಮೀನು. ವಾರಕ್ಕೊಂದು ಕಿಲೋದಂತೆ ಮನೆಯವರು ವರ್ಷವಿಡೀ ತಿನ್ನುವಷ್ಟನ್ನು ತೆಗೆದರೂ ಇನ್ನೂ ಎಂಬತ್ತೆಂಟು ಕಿಲೋ ಮಾರಾಟಕ್ಕೆ ಉಳಿಯುತ್ತದೆ. ಮಳೆ ಕೈಕೊಟ್ಟ ವರ್ಷ ಈ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ, ಬೆಳೆ ಉಳಿಸಲು ಹೊಂಡದ ನೀರನ್ನೆಲ್ಲ ಎತ್ತಬೇಕಾಗಿ ಬಂದರೆ ಇನ್ನೂ ಕೆಳಗೆ. ಹೊಂಡದ ಪ್ಲಾಸ್ಟಿಕ್ ಹೊದಿಕೆ ನೀರು ಇಂಗದಂತೆ ತಡೆಯುತ್ತದೆ, ಆದರೆ ಮಣ್ಣಿನ ತಳವಿಲ್ಲದ ಕಡೆ ಮೀನಿಗೆ ತಾನಾಗಿ ಹುಟ್ಟುವ ಮೇವು ಕಡಿಮೆ. ತಳಕ್ಕೆ ಒಂದು ಪದರ ಮಣ್ಣು ಹರಡುವುದು ಅದಕ್ಕೆ ಪರಿಹಾರ. ಬದಿಗಳು ಜಾರುವುದರಿಂದ ಬೇಲಿಯೂ ಇಳಿಯಲು ಹಗ್ಗವೂ ಇರಲೇಬೇಕು. ಮಕ್ಕಳಿರುವ ಊರಿನಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಇನ್ನು ಪೋಷಣೆಯ ದೃಷ್ಟಿಯಿಂದ ಅತಿ ಮುಖ್ಯವಾದ, ಆದರೆ ಸಾಕಣೆಯ ಕೈಪಿಡಿಗಳು ಬಹುಕಾಲ ಕಡೆಗಣಿಸಿದ ವಿಷಯ. ಮರಿ ಬಿಡುವ ಮುನ್ನ ಕೊಳದ ಹಳೆಯ ಮೀನುಗಳನ್ನೆಲ್ಲ ಕೊಂದು ಶುದ್ಧಮಾಡಬೇಕೆಂದು ಕೈಪಿಡಿಗಳು ಹೇಳುತ್ತ ಬಂದಿವೆ. ಹಿಪ್ಪೆ ಹಿಂಡಿ ಹಾಕಿದರೆ ಅದರಲ್ಲಿನ ವಿಷಕ್ಕೆ ಮೀನು ಸಾಯುತ್ತದೆ, ಮುಂದೆ ಅದೇ ಹಿಂಡಿ ಗೊಬ್ಬರವಾಗುತ್ತದೆ. ಬೇಟೆ ಮೀನನ್ನು ತೆಗೆಯುವುದಕ್ಕೆ ಅರ್ಥವಿದೆ. ಅದರ ಜೊತೆಗೇ ಬೆರಳಿಗಿಂತ ಸಣ್ಣ ನಾಟಿ ಮೀನುಗಳನ್ನೂ ‘ಕಳೆ ಮೀನು’ ಎಂದು ಕರೆದು ಕೊಂದರು. ಆಹಾರದ ಲೆಕ್ಕದಲ್ಲಿ ಇದು ದೊಡ್ಡ ತಪ್ಪು. ದೊಡ್ಡ ಗೆಂಡೆಯ ಮುಳ್ಳು, ತಲೆ, ಒಳಭಾಗ ತಟ್ಟೆಯ ಅಂಚಿಗೆ ಹೋಗುತ್ತವೆ, ತಿನ್ನುವುದು ತೊಗಲು ಮಾಂಸ ಮಾತ್ರ. ಸಣ್ಣ ಮೀನನ್ನು ತಲೆ, ಕಣ್ಣು, ಮುಳ್ಳು ಸಹಿತ ಅಗಿದು ತಿನ್ನುತ್ತಾರೆ. ಸುಣ್ಣದ ಅಂಶ ಇರುವುದು ಮುಳ್ಳಿನಲ್ಲಿ, ಎ ಜೀವಸತ್ವ ಹೆಚ್ಚಾಗಿ ಇರುವುದು ಕಣ್ಣು ಮತ್ತು ಒಳಭಾಗದಲ್ಲಿ.

ಇದನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟವರಲ್ಲಿ ಪ್ರಮುಖರು ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್. ಟ್ರಿನಿಡಾಡ್‌ಗೆ ವಲಸೆ ಹೋದ ಭಾರತೀಯ ಮೂಲದ ಕುಟುಂಬದವರು. ಬಾಂಗ್ಲಾದೇಶದ ಮನೆಕೊಳಗಳಲ್ಲಿ ಗೆಂಡೆಯ ಜೊತೆಗೇ ಮೋಲಾ ಎಂಬ ಸಣ್ಣ ಮೀನನ್ನು ಬೆಳೆಸಿದರೆ ಗೆಂಡೆಯ ಇಳುವರಿ ಕುಗ್ಗದೆ ಮನೆಯವರಿಗೆ ಎ ಜೀವಸತ್ವ ಸಿಗುತ್ತದೆಂದು ಅವರು ತೋರಿಸಿದರು. 2021ರ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಸಂದಿತು. ಅದಕ್ಕೂ ಮುಂಚೆ, 2005ರಲ್ಲಿ, ಇದೇ ಪ್ರಶಸ್ತಿ ಪಡೆದ ಆಂಧ್ರದ ಬಾಪಟ್ಲದ ಮೋದಡುಗು ವಿಜಯ್ ಗುಪ್ತ ಅವರು ಬಾಂಗ್ಲಾದೇಶದಲ್ಲಿ ರಸ್ತೆಬದಿಯ ಹಳ್ಳ, ಮಳೆಗಾಲದಲ್ಲಷ್ಟೇ ತುಂಬುವ ಗುಂಡಿಗಳಲ್ಲಿ ಬಡ ಕುಟುಂಬಗಳು, ಅದರಲ್ಲೂ ಹೆಣ್ಣುಮಕ್ಕಳು ಮೀನು ಬೆಳೆಸುವಂತೆ ಮಾಡಿದ್ದರು. ಕೆಲವೇ ತಿಂಗಳು ನೀರಿರುವ ಆ ಗುಂಡಿಗಳಿಗೂ ಬೀದರ್‌ನ ಹೊಂಡಗಳಿಗೂ ಕಾಲದ ಲೆಕ್ಕದಲ್ಲಿ ಹೆಚ್ಚು ದೂರವಿಲ್ಲ. ಮೋಲಾ ಜಾತಿಯ ಮೀನು ಭಾರತದ ಕೆರೆಗಳಲ್ಲೂ ಇದೆ. ನಿಂತ ನೀರಿನಲ್ಲೇ ಮರಿ ಮಾಡುವುದರಿಂದ ಅದಕ್ಕೆ ವರ್ಷವರ್ಷ ಮರಿ ಕೊಳ್ಳಬೇಕಿಲ್ಲ, ವಾರಕ್ಕೊಮ್ಮೆ ಸಣ್ಣ ಬಲೆ ಎಳೆದು ಒಂದು ಹಿಡಿ ತೆಗೆದರೆ ಅಡುಗೆಗೆ ಆಯಿತು. ದೊಡ್ಡ ಮೀನು ಸಂತೆಗೆ, ಸಣ್ಣ ಮೀನು ಮನೆಗೆ ಎಂಬ ಈ ಹಂಚಿಕೆ ಕರ್ನಾಟಕದ ಕೆರೆಗಳಲ್ಲೂ ನಡೆಯಬೇಕಾದದ್ದು.

ಏಕೆಂದರೆ ಕೆರೆಯಲ್ಲಿ ಮೀನು ಬೆಳೆದ ಮಾತ್ರಕ್ಕೆ ಊರಿನವರು ತಿಂದರು ಎಂದಾಗುವುದಿಲ್ಲ. ಹೆಚ್ಚಿನ ಸಣ್ಣ ಕೆರೆಗಳ ಮೀನಿನ ಹಕ್ಕು ಗ್ರಾಮ ಪಂಚಾಯಿತಿಯದು, ದೊಡ್ಡ ಕೆರೆ ಮತ್ತು ಜಲಾಶಯಗಳದು ಮೀನುಗಾರಿಕೆ ಇಲಾಖೆಯದು. ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಲ್ಲಿ ಆದ್ಯತೆಯಿದೆ. ಅವರು ಮುಂದೆ ಬಾರದ ಕಡೆ ಹರಾಜು. ಹರಾಜಿನಲ್ಲಿ ಹಣ ಹೂಡಿದವರು ಹಣವನ್ನೇ ನೋಡುತ್ತಾರೆ. ಹುಮನಾಬಾದ್ ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರು. ಬೆಳಿಗ್ಗೆ ಹಿಡಿದ ಮೀನು ಐಸಿನಲ್ಲಿ ಕೂತು ಅದೇ ದಿನ ದೊಡ್ಡ ಮಾರುಕಟ್ಟೆ ಮುಟ್ಟಬಹುದು. ಆ ದಾರಿ ಬೇಕು, ಸಂಘದ ಸದಸ್ಯರ ಆದಾಯ ಅದರಿಂದಲೇ. ಆದರೆ ಗುತ್ತಿಗೆಯ ಷರತ್ತಿನಲ್ಲೇ ಹಿಡಿದ ಮೀನಿನ ಇಂತಿಷ್ಟು ಪಾಲನ್ನು ಕೆರೆ ದಂಡೆಯಲ್ಲಿ ಊರಿನವರಿಗೆ ನಿಗದಿತ ಬೆಲೆಗೆ ಮಾರಬೇಕೆಂದು ಬರೆದರೆ ಕೂಲಿಯವರ ಮನೆಗೂ ಮೀನು ತಲುಪುತ್ತದೆ. ಒಂದೇ ದಿನ ಕೆರೆ ಬರಿದು ಮಾಡುವುದರ ಬದಲು ಫೆಬ್ರವರಿಯಿಂದ ಹಂತಹಂತವಾಗಿ, ದೊಡ್ಡದನ್ನು ತೆಗೆದು ಸಣ್ಣದನ್ನು ಬಿಡುತ್ತ ಹಿಡಿಯುವ ಕ್ರಮದಿಂದಲೂ ಇದೇ ಲಾಭ.

ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಕೊಳ ತೋಡಲು, ಮರಿ ಬೆಳೆಸಲು, ಐಸ್ ಪೆಟ್ಟಿಗೆಯ ವಾಹನ ಕೊಳ್ಳಲು ಸಾಮಾನ್ಯ ವರ್ಗದವರಿಗೆ ವೆಚ್ಚದ ನೂರಕ್ಕೆ 40, ಪರಿಶಿಷ್ಟರು ಮತ್ತು ಮಹಿಳೆಯರಿಗೆ 60ರಷ್ಟು ಸಹಾಯಧನವಿದೆ. ತಿಳಿವಳಿಕೆಯ ಮೂಲವೂ ದೂರವಿಲ್ಲ. 2004ರ ಕಾಯ್ದೆಯಿಂದ ರೂಪುಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಬೀದರ್‌ನ ನಂದಿನಗರದಲ್ಲೇ ಇದೆ. 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕೆ ಕಾಲೇಜು ಎನಿಸಿಕೊಂಡ ಮಂಗಳೂರಿನ ಕಾಲೇಜು ಈ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕರಾವಳಿಯ ಆ ವಿದ್ಯೆ ಬಯಲುಸೀಮೆಯ ಕೆರೆಗೆ ಇಳಿದುಬರಲು ಇದಕ್ಕಿಂತ ಹತ್ತಿರದ ಸೇತುವೆ ಬೇರೆಲ್ಲೂ ಇಲ್ಲ.

ಮೀನು ಸಾಕಣೆಗೆ ತನ್ನದೇ ಅಪಾಯಗಳಿವೆ. ಮೋಡ ಕವಿದ ಎರಡು ಮೂರು ದಿನದ ನಂತರ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಮುಗಿಯುತ್ತ ಬಂದಿದೆ ಎಂದು ಅರ್ಥ. ಕೂಡಲೇ ಹೊಸ ನೀರು ಬಿಡಬೇಕು ಅಥವಾ ನೀರನ್ನು ಬಡಿದು ಕಲಕಬೇಕು, ಸಗಣಿ ಮತ್ತು ಮೇವು ಹಾಕುವುದನ್ನು ನಿಲ್ಲಿಸಬೇಕು. ತಡಮಾಡಿದರೆ ಒಂದೇ ಬೆಳಗಿನಲ್ಲಿ ವರ್ಷದ ಬೆಳೆ ತೇಲುತ್ತದೆ. ಸೋಯಾ, ತೊಗರಿಗೆ ಹೊಡೆದ ಕೀಟನಾಶಕ ಮಳೆಯಲ್ಲಿ ಕೊಚ್ಚಿ ಹೊಂಡಕ್ಕೆ ಬಂದರೂ ಹಾಗೆಯೇ. ಸ್ಪ್ರೇ ಡಬ್ಬಿಯನ್ನು ಕೆರೆಯಲ್ಲಿ ತೊಳೆಯುವ ರೂಢಿ ಮೀನಿಗೂ ಅದನ್ನು ತಿನ್ನುವವರಿಗೂ ಕೆಡುಕು. ಕೋಡಿ ಬಿದ್ದಾಗ ಮೀನು ಹರಿದುಹೋಗದಂತೆ ಜಾಲರಿ ಕಟ್ಟಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದೆ. ಕೊಳಕು ನೀರಿನಲ್ಲೂ ಬೇಗ ಬೆಳೆಯುತ್ತದೆಂದು ಕದ್ದು ಸಾಕುವವರಿದ್ದಾರೆ. ತಪ್ಪಿಸಿಕೊಂಡ ಒಂದು ಜೋಡಿ ಸಾಕು, ಕೆರೆಯ ನಾಟಿ ಮೀನುಗಳನ್ನೆಲ್ಲ ತಿಂದು ಹಾಕಲು. ಜಿಲೇಬಿ ಮೀನೂ ಅಂಕೆ ತಪ್ಪಿ ಮರಿ ಮಾಡಿ ಗೆಂಡೆಯ ಮೇವನ್ನು ಕಸಿಯುತ್ತದೆ.

ಏಪ್ರಿಲ್ ಕಳೆದು ಕೆರೆಯ ನೀರು ತಳದ ಗುಂಡಿಗಳಲ್ಲಿ ಮಾತ್ರ ಉಳಿದಾಗ ಕೊನೆಯ ಬಲೆ ಬೀಳುತ್ತದೆ. ಆಗ ಸಿಗುವ ಸಣ್ಣ ಮೀನು ಒಟ್ಟೊಟ್ಟಿಗೆ ಬಂದು ಬೆಲೆ ಇಲ್ಲದೆ ಕೊಳೆತುಹೋಗುವುದೇ ಹೆಚ್ಚು. ಬೀದರ್‌ನ ಬೇಸಿಗೆಯ ಬಿಸಿಲು ಅದನ್ನು ಉಳಿಸಬಲ್ಲದು. ಹೊಟ್ಟೆ ಸೀಳಿ ತೊಳೆದು, ಉಪ್ಪು ಸವರಿ, ನೆಲದ ಮೇಲೆ ಹರಡದೆ ಎತ್ತರದ ಬಿದಿರ ತಟ್ಟಿಯ ಮೇಲೆ ಬಲೆ ಮುಚ್ಚಿ ಒಣಗಿಸಿದರೆ ಎರಡು ಮೂರು ದಿನದಲ್ಲಿ ಅದು ಕಡ್ಡಿಯಂತೆ ಮುರಿಯುತ್ತದೆ, ತಿಂಗಳುಗಟ್ಟಲೆ ಇಡಬಹುದು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯಲ್ಲಿ ಇಂಥ ಒಣ ಸಣ್ಣ ಮೀನನ್ನು ಅಂಗನವಾಡಿಯ ಮೂಲಕ ಮಕ್ಕಳಿಗೆ, ತಾಯಂದಿರಿಗೆ ಕೊಡುವ ಪ್ರಯೋಗ ನಡೆದಿದೆ. ಒಣ ಮೀನನ್ನು ಹುರಿದು ಕುಟ್ಟಿದ ಪುಡಿ ಒಂದು ಚಮಚ ಬೇಳೆ ಸಾರಿಗೆ ಬಿದ್ದರೆ ಮುಳ್ಳಿನ ಸುಣ್ಣವೂ ಸೇರಿ ಎಲ್ಲವೂ ಮಗುವಿನ ಹೊಟ್ಟೆ ಸೇರುತ್ತದೆ. ಮೃಗಶಿರಾ ಮಳೆ ಕೂಡುವ ದಿನ ಮೀನು ತಿನ್ನುವ ರೂಢಿ ಹೈದರಾಬಾದ್ ಕಡೆ ಇಂದಿಗೂ ಇದೆ. ಆ ಹೊತ್ತಿಗೆ ಕೆರೆ ಬತ್ತಿರುತ್ತದೆ, ಬೇಸಿಗೆಯಲ್ಲಿ ಒಣಗಿಸಿದ ಮೀನು ಡಬ್ಬಿಯಲ್ಲಿರುತ್ತದೆ, ಕಾಪಿಟ್ಟ ಕುಳ್ಳ ಮರಿಗಳು ಬಾವಿ ಪಕ್ಕದ ಹೊಂಡದಲ್ಲಿ ಹೊಸ ನೀರಿಗೆ ಕಾಯುತ್ತಿರುತ್ತವೆ.